ಮರುವಾಯಿಗೆ ವೇಗ ಕೊಡಬಾರದು

ಪರೀಕ್ಷಿಸದೆ ಯಾವ ವಸ್ತುವನ್ನೂ ಗಿರಾಕಿಯ ಕೈಗೆ ಕೊಡಬಾರದು. ಕುದ್ರೋಳಿಯಲ್ಲಿ ಹಳೆಯ ಮನೆಸಾಮಾನಿನ ಅಂಗಡಿ ಇಟ್ಟ ದಿನದಿಂದ ನಾನು ಪಾಲಿಸುತ್ತ ಬಂದ ನಿಯಮ ಇದು. ಮಿಕ್ಸಿಯಾದರೆ ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸುತ್ತೇನೆ. ಮಂಚವಾದರೆ ಅದರ ಮೇಲೆ ಮಲಗಿ ಎರಡು ಸಲ ಹೊರಳುತ್ತೇನೆ. ಹೀಗಿರುವಾಗ ಕೈಯಲ್ಲಿ ಹಿಡಿದು ಆಡುವ ಒಂದು ಗೇಮ್ ಮಿಷನ್ ಅಂಗಡಿಗೆ ಬಂದರೆ ಅದನ್ನೂ ಪರೀಕ್ಷಿಸಲೇಬೇಕಲ್ಲ? ಪರೀಕ್ಷೆ ಐದು ತಿಂಗಳು ನಡೆಯಿತು.

ಮಿಷನ್ ಬಂದದ್ದು ಗಲ್ಫಿಗೆ ಹೊರಟ ಒಂದು ಕುಟುಂಬದಿಂದ. ಈ ವ್ಯಾಪಾರಕ್ಕೆ ಹೊಸದಾಗಿ ಇಳಿಯುವವರಿಗೆ ಒಂದು ಮಾತು: ಹೊರಡುವವರ ಮನೆಗೆ ಎರಡು ವಾರ ಮೊದಲೇ ಹೋಗಬೇಡಿ. ಆಗ ಅವರಿಗೆ ಒಂದೊಂದು ಚಮಚವೂ ಅಜ್ಜಿಯ ನೆನಪು. ವಿಮಾನದ ಹಿಂದಿನ ದಿನ ಹೋಗಿ. ಸೂಟ್‌ಕೇಸಿನ ತೂಕ ಮಿತಿ ಮೀರಿರುತ್ತದೆ, ಬಜಪೆ ವಿಮಾನ ನಿಲ್ದಾಣಕ್ಕೆ ಕಾರು ಹೇಳಿ ಆಗಿರುತ್ತದೆ, ಅಜ್ಜಿಯ ನೆನಪು ಅಗ್ಗವಾಗಿರುತ್ತದೆ. ನಾನು ಹೋದದ್ದು ಹಾಗೆಯೇ. ಮಂಚ, ಫ್ರಿಜ್, ಊಟದ ಮೇಜು ಎಲ್ಲ ಮಾತಾಡಿ ಮುಗಿದ ಮೇಲೆ ಮನೆಯಾಕೆಯೇ ಆ ಮಿಷನನ್ನು ರಾಶಿಯ ಮೇಲಿಟ್ಟು, "ಇದೂ ತಗೊಂಡು ಹೋಗಿ ಅಕ್ಕ, ಒಮ್ಮೆ ಮನೆ ಖಾಲಿ ಆಗ್ಲಿ" ಎಂದಳು.

ಅದರೊಳಗೆ ಒಂದೇ ಒಂದು ಆಟವಿತ್ತು. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಇನ್ನೊಬ್ಬರ ಪ್ರಾಣಿಗಳ ಜೊತೆ ಕಾದಾಡಿಸುವ ಆಟ. ಕೋಳಿ ಅಂಕದ ಹಾಗೆ ಗಡಿಬಿಡಿ ಇಲ್ಲ, ರಕ್ತವೂ ಇಲ್ಲ. ಪ್ರತಿ ಸುತ್ತಿಗೆ ಇಬ್ಬರೂ ಒಂದೊಂದು ಪಟ್ಟು ಆರಿಸಬೇಕು. ನೀನೊಂದು ಹೇಳು, ನಾನೊಂದು ಹೇಳುತ್ತೇನೆ. ನನಗೆ ತಕ್ಷಣ ಅರ್ಥವಾಯಿತು. ಮೂವತ್ತು ವರ್ಷಗಳಿಂದ ನಾನು ಮಾಡುತ್ತಿರುವುದು ಇದನ್ನೇ.

ಗಲ್ಫಿಗೆ ಹೋದವರು ಸಾಕಿದ ಪ್ರಾಣಿಗಳು ಮಿಷನಿನಲ್ಲಿ ಹಾಗೆಯೇ ಉಳಿದಿದ್ದವು. ಬೆಂಕಿಯುಗುಳುವ ಡ್ರ್ಯಾಗನ್, ಮಿಂಚಿನ ಹುಲಿ, ಎಲ್ಲ ದೊಡ್ಡ ದೊಡ್ಡವರು. ಅವರ ನಡುವೆ ಮೂಲೆಯಲ್ಲಿ ಒಂದು ಚಿಪ್ಪು. ನಮ್ಮ ಹೊಳೆಯ ಚಿಪ್ಪುಮೀನು ಮರುವಾಯಿಗೆ ಎರಡು ಕಣ್ಣು ಇಟ್ಟ ಹಾಗೆ. ಅದರ ನಿಜವಾದ ಹೆಸರು ಏನೋ ಉದ್ದ ಇತ್ತು. ನಾನು ಮರುವಾಯಿ ಎಂದೇ ಕರೆದೆ.

ಪದವಿಯ ಎರಡನೇ ವರ್ಷದಲ್ಲಿರುವ ನನ್ನ ಮಗಳು ನಕ್ಕಳು. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಅಮ್ಮ, ಅದನ್ನು ಯಾರೂ ಆಡಿಸುದಿಲ್ಲ. ಇಂಟರ್‌ನೆಟ್ಟಿನಲ್ಲಿ ಪಟ್ಟಿ ಉಂಟು. ಇದು ಕಟ್ಟಕಡೆಯ ಸಾಲು."

"ಪಟ್ಟಿ ಮಾಡಿದವನು ಯಾರು?"

"ದೊಡ್ಡ ಆಟಗಾರರು."

"ಅವರ ಹತ್ರ ಎಂತ ಉಂಟು?"

"ಡ್ರ್ಯಾಗನ್."

"ಮತ್ತೆ? ಸೋಫಾ ಮಾರುವವನ ಹತ್ರ ಚಾಪೆ ಹೇಗುಂಟು ಅಂತ ಕೇಳಿದ ಹಾಗಾಯ್ತು."

ನನ್ನ ಅನುಭವ ಹೀಗಿದೆ. ಒಂದು ಕಾಲದಲ್ಲಿ ಈ ಊರಿನ ಪ್ರತಿ ಮನೆಗೂ ಗೋಡೆಯ ಮೂಲೆಗೆ ಒತ್ತಿಕೊಂಡು ಕೂರುವ ದೊಡ್ಡ ಸೋಫಾ ಬೇಕಾಯಿತು. ಈಗ ಅದನ್ನು ಹೊರಹಾಕಲು ನನ್ನನ್ನೇ ಕರೆಯುತ್ತಾರೆ, ಬಾಗಿಲು ಕಳಚದೆ ಅದು ಹೊರಗೆ ಬರುವುದಿಲ್ಲ. ಎಲ್ಲರೂ ಒಂದೇ ವಸ್ತುವಿನ ಹಿಂದೆ ಓಡುವಾಗ ಮೂಲೆಯಲ್ಲಿ ಬಿದ್ದದ್ದನ್ನು ನೋಡಬೇಕು. ಮರುವಾಯಿಯ ಚಿಪ್ಪು ಗಟ್ಟಿ, ಆಯುಸ್ಸು ಹೆಚ್ಚು, ಹೊಡೆತ ಏನೇನೂ ಸಾಲದು, ವೇಗವಂತೂ ಎಲ್ಲರಿಗಿಂತ ಕೊನೆ. ಅದಕ್ಕೆ ನಾಲ್ಕೇ ಪಟ್ಟುಗಳು: ವಿಷ ಉಗುಳುವುದು, ಚಿಪ್ಪು ಮುಚ್ಚುವುದು, ಗಾಯ ಮಾಯಿಸಿಕೊಳ್ಳುವುದು, ಮತ್ತೆ ಒಂದು ಮುತ್ತು ಎಸೆಯುವುದು. ಮುತ್ತು ತಾಗಿದರೂ ಎದುರಿನವರಿಗೆ ಗೊತ್ತಾಗುವುದಿಲ್ಲ.

ಪ್ರಾಣಿಗೆ ತರಬೇತಿಯ ಅಂಕಗಳನ್ನು ಹಂಚುವಾಗ ಹುಡುಗರೆಲ್ಲ ಮೊದಲು ವೇಗಕ್ಕೆ ಸುರಿಯುತ್ತಾರೆ. ಯಾರ ವೇಗ ಹೆಚ್ಚೋ ಅವರ ಪಟ್ಟು ಮೊದಲು ನಡೆಯುತ್ತದಲ್ಲ! ಮಗಳೂ ಹಾಗೆಯೇ ಮಾಡಲು ಹೊರಟಳು. ನಾನು ಕೈ ಹಿಡಿದೆ. ವೇಗ ಕೊಟ್ಟರೆ ಏನಾಗುತ್ತದೆ? ಗಾಯವಾಗುವ ಮೊದಲೇ ಮದ್ದು ಹಚ್ಚಿಕೊಂಡ ಹಾಗಾಗುತ್ತದೆ. ನಿಧಾನ ಇದ್ದರೆ ಪೆಟ್ಟು ಮೊದಲು ಬೀಳುತ್ತದೆ, ಮದ್ದು ಆಮೇಲೆ. ಸುತ್ತು ಮುಗಿಯುವಾಗ ನಾವು ಗುಂಡುಕಲ್ಲು. ಚೌಕಾಶಿಯಲ್ಲೂ ಮೊದಲು ಬೆಲೆ ಹೇಳಿದವರು ಸೋತರು. ಕೊನೆಗೆ ಬಾಯಿ ಬಿಟ್ಟವರದ್ದು ಲಾಭ.

ಹಾಗೆ ಮರುವಾಯಿಗೆ ವೇಗ ಒಂದು ಚೂರೂ ಕೊಡಲಿಲ್ಲ. ಮೊದಲ ಸುತ್ತಿನಲ್ಲಿ ವಿಷ. ಆಮೇಲೆ ಒಮ್ಮೆ ಮುಚ್ಚು, ಒಮ್ಮೆ ಮಾಯಿಸು, ಒಮ್ಮೆ ಮುಚ್ಚು. ವಿಷ ಸುತ್ತಿನಿಂದ ಸುತ್ತಿಗೆ ಏರುತ್ತದೆ. ಡ್ರ್ಯಾಗನ್ ಚಿಪ್ಪಿನ ಮೇಲೆ ಬೆಂಕಿ ಸುರಿದು ಸುರಿದು ತಾನೇ ಕವುಚಿ ಬೀಳುತ್ತದೆ. ಮಿಷನಿನ ಮೂಲಕ ಎಲ್ಲೆಲ್ಲಿಯೋ ಇರುವ ಜನರ ಜೊತೆ ಆಡುತ್ತಿದ್ದೆವು. ಅರ್ಧ ಜನ ಸೋಲುವ ಮೊದಲೇ ಬೇಸತ್ತು ಎದ್ದು ಹೋದರು. ಅದೂ ಗೆಲುವೇ.

ಈಗ ತೊಂದರೆಯ ವಿಷಯ. ನಮ್ಮ ಮನೆ ಅಂಗಡಿಯ ಹಿಂಬದಿಗೆ ಅಂಟಿಕೊಂಡೇ ಇದೆ. ಮನೆಗೂ ಅಂಗಡಿಗೂ ನಡುವೆ ಗೋಡೆ ಇದೆ, ವ್ಯತ್ಯಾಸ ಇಲ್ಲ. ಗಿರಾಕಿ ಕೇಳಿದರೆ ನಾವು ಊಟ ಮಾಡುತ್ತಿರುವ ಮೇಜನ್ನೂ ತಟ್ಟೆ ಎತ್ತಿ ಕೊಟ್ಟಿದ್ದೇನೆ. ಮಗಳು ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ಅವಳ ಓದುವ ಮೇಜು ಮೂರು ಸಲ ಮಾರಿಹೋಗಿತ್ತು. ಹಾಗಾಗಿ ಗೇಮ್ ಮಿಷನಿಗೆ ಬಜಪೆಯಿಂದ ಒಬ್ಬ ಗಿರಾಕಿ ಬಂದು, ತನ್ನ ಮಕ್ಕಳಿಗೆ ಬೇಕೆಂದು ಒಳ್ಳೆಯ ಬೆಲೆ ಹೇಳಿದಾಗ ನಾನು ಮಾತು ಕೊಟ್ಟುಬಿಟ್ಟೆ. ಸೋಮವಾರ ಬಂದು ಒಯ್ಯುವುದು ಎಂದಾಯಿತು.

ಮಗಳು ಎರಡು ದಿನ ತಟ್ಟೆ ಹಿಡಿದುಕೊಂಡು ಹೋಗಿ ಅಂಗಡಿಯ ಮೆಟ್ಟಿಲಲ್ಲಿ ಊಟ ಮಾಡಿದಳು. ಮೂರನೆಯ ದಿನ ಊಟಕ್ಕೆ ಕುಳಿತಾಗ ಹೇಳಿದಳು:

"ಈ ಮನೆಯಲ್ಲಿ ಮಾರದೆ ಉಳಿದದ್ದು ನಾನೊಬ್ಬಳು. ನನಗೆ ರೇಟು ಬರ್ಲಿಲ್ಲ ಅಂತ ಕಾಣ್ತದೆ."

"ಪದವಿ ಮುಗೀಲಿ, ನೋಡುವ."

"ತಮಾಷೆ ಅಲ್ಲ ಅಮ್ಮ. ಒಂದು ವಸ್ತು. ಒಂದೇ ಒಂದು ವಸ್ತು ಇಲ್ಲಿ ನಿಲ್ಲುದು ಬೇಡ್ವಾ?"

ಭಾನುವಾರ ಕೊಟ್ಟಾರದಲ್ಲಿ ಈ ಆಟದ ಪಂದ್ಯಾಟವಿತ್ತು. ನಾನು ವ್ಯವಹಾರಸ್ಥೆ, ನ್ಯಾಯವಾಗಿ ಮಾತಾಡಿದೆ. ಅವಳು ಗೆದ್ದು ಬಂದರೆ ಮಿಷನ್ ದುಡಿದು ತಿನ್ನುವ ವಸ್ತುವಾಯಿತು. ಮನೆಯಲ್ಲೇ ಇರುತ್ತದೆ, ಗಿರಾಕಿಗೆ ನಾನು ಏನಾದರೂ ಹೇಳುತ್ತೇನೆ. ಸೋತರೆ ಸೋಮವಾರ ಅದು ಬಜಪೆಗೆ. ಅವಳು ಕೈ ಚಾಚಿದಳು. ನಾವು ಕೈ ಕುಲುಕಿದೆವು.

ಪಂದ್ಯಾಟ ಹತ್ತು ಗಂಟೆಗೆ ಎಂದಿತ್ತು. ಹನ್ನೊಂದೂವರೆಗೆ ಮುಖ್ಯ ಅತಿಥಿ ಬಂದರು. ದೀಪ ಬೆಳಗಿಸಿದರು, ಶಾಲು ಹೊದಿಸಿಕೊಂಡರು, ಯುವಜನರು ಮೊಬೈಲ್ ಬಿಟ್ಟು ಮೈದಾನಕ್ಕೆ ಇಳಿಯಬೇಕೆಂದು ಅರ್ಧ ಗಂಟೆ ಕರೆ ಕೊಟ್ಟರು. ಮೈದಾನಕ್ಕೆ ಇಳಿಯದ ನಲವತ್ತು ಯುವಜನರು ಚಪ್ಪಾಳೆ ತಟ್ಟಿದರು. ಹೊರಡುವಾಗ ಅತಿಥಿಗಳು ಸಂಘಟಕರಲ್ಲಿ, "ಈ ಪ್ರಾಣಿಗಳು ಯಾವ ಕೋಣೆಯಲ್ಲುಂಟು?" ಎಂದು ವಿಚಾರಿಸಿದ್ದನ್ನು ನಾನೇ ಕೇಳಿದೆ.

ಮೂವತ್ತಕ್ಕೂ ಹೆಚ್ಚು ಡ್ರ್ಯಾಗನ್‌ಗಳ ನಡುವೆ ನಮ್ಮದೊಂದು ಮರುವಾಯಿ. ಮೊದಲು ನಕ್ಕರು. ಎರಡು ಗಂಟೆಯ ಹೊತ್ತಿಗೆ ನಗು ನಿಂತಿತು. ಒಬ್ಬ ಎದ್ದು, "ಇದು ಆಟ ಅಲ್ಲ ಮಾರಾಯ, ಆರ್‌ಟಿಓ ಆಫೀಸಿನಲ್ಲಿ ಕ್ಯೂ ನಿಂತ ಹಾಗೆ!" ಎಂದು ಕೂಗಿ ಹೊರನಡೆದ. ಮಗಳು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನಾಲ್ಕು ಗಂಟೆಗೆ ಅವಳು ಅಂತಿಮ ಪಂದ್ಯದಲ್ಲಿ ಕುಳಿತಿದ್ದಳು.

ಎದುರಾಳಿ ಮೂವತ್ತರ ಆಸುಪಾಸಿನವನು, ಇಸ್ತ್ರಿ ಹಾಕಿದ ಅಂಗಿ. ಇಬ್ಬರ ಹತ್ತಿರವೂ ಆರಾರು ಪ್ರಾಣಿಗಳು. ಪ್ರತಿ ಆಟಕ್ಕೂ ಅದರಲ್ಲಿ ಮೂರನ್ನು ಆರಿಸಬೇಕು. ಮೂರು ಆಟಗಳಲ್ಲಿ ಎರಡು ಗೆದ್ದವರಿಗೆ ಕಪ್. ಮೊದಲ ಆಟವನ್ನು ಮರುವಾಯಿ ತನ್ನ ಮಾಮೂಲಿನಂತೆ ಗೆದ್ದುಕೊಟ್ಟಿತು. ಚಹಾಕ್ಕೆ ಹತ್ತು ನಿಮಿಷ ಬಿಡುವು ಎಂದರು.

ನನ್ನ ಪಕ್ಕದ ಕುರ್ಚಿಯಲ್ಲಿ ಎದುರಾಳಿಯ ಅಕ್ಕ ಕುಳಿತಿದ್ದಳು. ಕುವೈತಿನಲ್ಲಿ ನರ್ಸ್, ರಜೆಯಲ್ಲಿ ಬಂದವಳು. ಅವರದ್ದು ಕೊಂಕಣಿ, ನಮ್ಮದು ತುಳು, ಹಾಗಾಗಿ ನಮ್ಮಿಬ್ಬರದ್ದು ಕನ್ನಡ. ಪಕ್ಕದಲ್ಲಿ ಕುಳಿತವರ ಹತ್ತಿರ ಮನೆ ಎಲ್ಲಿ, ಮಕ್ಕಳೆಷ್ಟು, ಬಂಗುಡೆ ಮೀನು ಇವತ್ತು ಹೇಗೆ ಕೊಟ್ಟರು ಎಂದು ಕೇಳದಿದ್ದರೆ ನಮ್ಮ ಊರಿನಲ್ಲಿ ಅದು ಅಹಂಕಾರ. ಅವಳು ಚಕ್ಕುಲಿಯ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದಳು.

"ನಿಮ್ಮ ಮಗಳು ಭಾರೀ ಹುಷಾರು ಮಾರಾಯ್ರೆ. ನನ್ನ ತಮ್ಮ ಇಷ್ಟು ಬೆವರಿದ್ದು ನಾನು ನೋಡ್ಲೇ ಇಲ್ಲ."

"ಅವಳದ್ದೆಂತ ಇಲ್ಲ. ತಲೆ ನನ್ನದು."

"ಹೌದಾ! ನಿಮ್ದಾ? ನಾನು ಅಂದ್ಕೊಂಡೆ, ಇದೆಲ್ಲ ಮಕ್ಕಳಿಗೆ ಮಾತ್ರ ಗೊತ್ತಾಗುದು ಅಂತ."

ಇಷ್ಟು ಸಾಕಾಯಿತು. ವೇಗ ಯಾಕೆ ಕೊಡಬಾರದು ಎಂಬುದರಿಂದ ಹಿಡಿದು ಎಲ್ಲ ವಿವರಿಸಿದೆ. ಅವಳು ತಲೆಯಾಡಿಸುತ್ತ, ನಡುನಡುವೆ "ಅಬ್ಬ" ಎನ್ನುತ್ತ ಕೇಳಿದಳು.

"ಹಾಗಾದ್ರೆ ಇದನ್ನು ಸೋಲಿಸ್ಲಿಕ್ಕೇ ಆಗುದಿಲ್ಲ ಅನ್ನಿ."

"ಆಗ್ತದೆ. ಒಂದೇ ದಾರಿ ಉಂಟು. ಕೆಲವು ಪ್ರಾಣಿಗಳು ಕೆಣಕ್ತವೆ. ಕೆಣಕಿದ್ರೆ ಮೂರು ಸುತ್ತು ಹೊಡಿಯುದು ಬಿಟ್ಟು ಬೇರೆ ಎಂತ ಮಾಡ್ಲಿಕ್ಕೂ ಆಗುದಿಲ್ಲ. ವಿಷ ಇಲ್ಲ, ಮುಚ್ಚುದು ಇಲ್ಲ, ಮದ್ದು ಇಲ್ಲ. ನಮ್ಮದು ನಿಧಾನ ಅಲ್ವಾ, ಅವರು ಮೊದಲೇ ಕೆಣಕಿ ಆಗಿರ್ತದೆ. ಆದ್ರೆ ಈ ಹುಡುಗರಿಗೆ ಅಷ್ಟು ತಲೆ ಎಲ್ಲಿ?"

"ಅದು ಹೌದು," ಎಂದು ಅವಳು ಕೈಯ ಪುಡಿ ಕೊಡವಿಕೊಂಡು ಎದ್ದಳು. "ಅವನಿಗೆ ಸ್ವಲ್ಪ ಚಹಾ ಕೊಟ್ಟು ಬರ್ತೇನೆ."

ಚಹಾ ಕೊಡುವಾಗ ಕೊಂಕಣಿಯಲ್ಲಿ ನಾಲ್ಕು ಮಾತಾಡಿದಳು. ನನಗೆ ಕೊಂಕಣಿ ಬರುತ್ತದೆ. ಅರ್ಧ ಗಿರಾಕಿಗಳು ಅವರೇ. ಆದರೆ ದೂರ ಇತ್ತು, ಫ್ಯಾನ್ ಸದ್ದು ಬೇರೆ. ನಾನು ಚಕ್ಕುಲಿ ತಿನ್ನುತ್ತಿದ್ದೆ.

ಎರಡನೇ ಆಟಕ್ಕೆ ಅವನು ಅಷ್ಟು ಹೊತ್ತು ಬೆಂಚಿನಲ್ಲಿ ಕೂರಿಸಿದ್ದ ಒಂದು ಸಣಕಲು ಮಂಗವನ್ನು ಇಳಿಸಿದ. ಮಂಗ ನಾಲಗೆ ಹೊರಹಾಕಿ ಕುಣಿಯಿತು. ಮರುವಾಯಿ ಚಿಪ್ಪು ಮುಚ್ಚುವುದನ್ನು ಬಿಟ್ಟು ಮುತ್ತು ಎಸೆಯಿತು. ಮತ್ತೊಂದು ಎಸೆಯಿತು. ಮಂಗಕ್ಕೆ ತುರಿಕೆಯೂ ಆಗಲಿಲ್ಲ. ನಾಲ್ಕು ಸುತ್ತಿನಲ್ಲಿ ಮರುವಾಯಿ ಕವುಚಿ ಬಿತ್ತು, ಅದನ್ನೇ ನಂಬಿದ್ದ ಉಳಿದೆರಡೂ ಹಿಂದೆಯೇ ಬಿದ್ದವು. ಮೂರನೇ ಆಟದಲ್ಲೂ ಅದೇ. ಮಗಳು ಮಿಷನ್ ಆಫ್ ಮಾಡಿ ಎದುರಾಳಿಯ ಕೈ ಕುಲುಕಿದಳು. ನಂತರ ನನ್ನ ಕೈಯಲ್ಲಿದ್ದ ಚಕ್ಕುಲಿಯನ್ನು ನೋಡಿದಳು, ನನ್ನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು.

ಬಸ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ಹೇಳಿದ್ರಾ?"

"ಅವರು ಕೇಳಿದ್ರು."

ನನ್ನ ಅಂಗಡಿಯಲ್ಲಿ ಒಂದು ಸ್ಟೂಲಿನ ಕೊಂಡ ಬೆಲೆಯನ್ನು ಇವತ್ತಿನವರೆಗೆ ಯಾರ ಬಳಿಯೂ ಹೇಳಿದವಳಲ್ಲ ನಾನು. ವಸ್ತುವಿನ ಬೆಲೆ ಕೇಳಿದರೆ ಬಾಯಿಗೆ ಬೀಗ. ಬುದ್ಧಿ ಕೇಳಿದರೆ ಬಾಗಿಲೇ ಇಲ್ಲ. ನಿಮಗೂ ಈ ಚಾಳಿ ಇದ್ದರೆ ಸಭೆಗಳಲ್ಲಿ ಗೋಡೆಯ ಪಕ್ಕದ ಕುರ್ಚಿ ನೋಡಿಕೊಳ್ಳಿ.

ಸೋಮವಾರ ಬೆಳಿಗ್ಗೆ ಮಗಳು ಮಿಷನನ್ನು ಒರೆಸಿ, ಚಾರ್ಜರಿನ ವಯರ್ ಸುತ್ತಿ, ಅದರ ಡಬ್ಬಿಯೊಳಗಿಟ್ಟು ನನ್ನ ಗಲ್ಲಾದ ಮೇಲೆ ಇಟ್ಟಳು. ಒಪ್ಪಂದ ಎಂದರೆ ಒಪ್ಪಂದ. ಕಾಲೇಜಿಗೆ ಹೋದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹನ್ನೊಂದಕ್ಕೆ ಬಜಪೆಯವರು ಬಂದರು. ಕೊಡುವುದಿಲ್ಲ ಎಂದು ಹೇಳುವ ಹಾಗಿಲ್ಲ. ಮಾತು ತಪ್ಪಿದರೆ ನಾಳೆ ಮೀನು ಮಾರ್ಕೆಟಿನವರೆಗೂ ಸುದ್ದಿ. ಅವರೇ ಬೇಡ ಎನ್ನುವ ಹಾಗೆ ಮಾಡಬೇಕು.

"ಬ್ಯಾಟರಿ ಸ್ವಲ್ಪ ವೀಕ್ ಉಂಟು," ಎಂದೆ.

ಅವರು ಡಬ್ಬಿ ಬಿಚ್ಚಿ ಒತ್ತಿದರು. ದೀಪಾವಳಿಯ ಹಾಗೆ ಹೊತ್ತಿಕೊಂಡಿತು.

"ಎಡಗಡೆಯ ಗುಂಡಿ ಒಮ್ಮೊಮ್ಮೆ ಸಿಕ್ಕಿಹಾಕಿಕೊಳ್ತದೆ."

ಗುಂಡಿ ಬೆಣ್ಣೆಯ ಹಾಗೆ ಇಳಿಯಿತು. ಅವರು ನನ್ನ ಮುಖ ನೋಡಿದರು.

"ಅಕ್ಕ, ಎಂಟು ವರ್ಷ ಆಯ್ತು ನಿಮ್ಮಲ್ಲಿ ವ್ಯಾಪಾರ ಮಾಡ್ತೇನೆ. ಕಾಲು ಮುರಿದ ಕಪಾಟನ್ನು ನೀವು ನನಗೆ ಆ್ಯಂಟಿಕ್ ಅಂತ ಕೊಟ್ಟವರು. ನೀವೇ ನಿಮ್ಮ ಸಾಮಾನನ್ನು ದೂರ್ತೀರಿ ಅಂದ್ರೆ ಇದರಲ್ಲಿ ಎಂತದೋ ಉಂಟು."

"ಎಂತ ಇಲ್ಲ. ಮಕ್ಕಳ ಕಣ್ಣು ಹಾಳಾಗ್ತದೆ, ಅದಕ್ಕೆ ಹೇಳಿದೆ."

"ಬೇರೆ ಗಿರಾಕಿ ಬಂದಿದ್ದಾರಾ? ಹೇಳಿ. ನಾನು ಹೇಳಿದ್ದಕ್ಕಿಂತ ಐನೂರು ಜಾಸ್ತಿ ಕೊಡ್ತೇನೆ."

ಜೀವಮಾನದಲ್ಲಿ ಮೊದಲ ಸಲ ನನ್ನ ಸಾಮಾನಿಗೆ ದೋಷ ಹೇಳಲು ಹೊರಟರೆ ಬೆಲೆ ಏರಿತು. ಇನ್ನೆರಡು ದೋಷ ಹೇಳಿದ್ದರೆ ಸಾವಿರ ದಾಟುತ್ತಿತ್ತು. ನಾನು ಸೋತು ಹೇಳಿದೆ:

"ಮಗಳಿಗೆ ಬೇಕಂತೆ ಮಾರಾಯ್ರೆ. ಮಾತು ಕೊಟ್ಟದ್ದು ಹೌದು. ಅದರ ಬದಲಿಗೆ ಅಂಗಡಿಯಲ್ಲಿ ಬೇರೆ ಏನಾದ್ರೂ ಆರಿಸಿ, ಅದೇ ಬೆಲೆಗೆ."

ಅವರು ಮಂಚ ನೋಡಲಿಲ್ಲ, ಕಪಾಟು ನೋಡಲಿಲ್ಲ. ಗಲ್ಲಾದ ಹಿಂದೆ ನಾನು ಕುಳಿತಿದ್ದ ಬೀಟೆಯ ಕುರ್ಚಿಯನ್ನು ನೋಡಿದರು. ಅದರ ಕೈಗಳು ನನ್ನ ಮೊಣಕೈ ತಾಗಿ ತಾಗಿ ಕನ್ನಡಿಯಾಗಿದ್ದವು. ಮಾರಾಟಕ್ಕಿಲ್ಲ ಎಂದು ನಾನು ಎಂದೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ ಯಾರೂ ಕೊಡಲಾಗದ ಬೆಲೆ ಹೇಳುತ್ತಿದ್ದೆ, ಅಷ್ಟೆ. ನಾನು ಎದ್ದು ನಿಂತೆ. ಅವರು ಕುರ್ಚಿಯನ್ನು ಆಟೋದ ಹಿಂಬದಿಗೆ ಕಟ್ಟಿಸುವಾಗ ಹಗ್ಗ ಎಲ್ಲಿ ಬಿಗಿಯಬೇಕೆಂದು ನಾನೇ ತೋರಿಸಿಕೊಟ್ಟೆ.

ಸಂಜೆ ಮಗಳು ಬಂದಾಗ ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲಿದ್ದೆ. ಡಬ್ಬಿ ಗಲ್ಲಾದ ಮೇಲೆಯೇ ಇತ್ತು.

"ಗಿರಾಕಿ ಬರ್ಲಿಲ್ವಾ?"

"ಬಂದಿದ್ರು. ಬೇಡಂತೆ."

ಅವಳು ನನ್ನ ಬೆನ್ನ ಹಿಂದಿನ ಖಾಲಿ ಜಾಗವನ್ನು ನೋಡಿದಳು. ನೆಲದಲ್ಲಿ ನಾಲ್ಕು ಕಾಲುಗಳ ಗುರುತು ಹಾಗೆಯೇ ಇತ್ತು.

"ಕುರ್ಚಿ?"

"ಒಳ್ಳೆ ರೇಟು ಬಂತು, ಕೊಟ್ಟೆ."

"ಎಷ್ಟಕ್ಕೆ?"

ಬಾಯಿಗೆ ಬಂದ ಒಂದು ದೊಡ್ಡ ಸಂಖ್ಯೆ ಹೇಳಿದೆ. ಅವಳು ನಂಬಲಿಲ್ಲ. ಡಬ್ಬಿ ಬಿಚ್ಚಿ, ಗೋಡೆಯ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದಳು.