ಫ್ರಿಜ್ಜಿನಲ್ಲಿಟ್ಟ ಸೀಸೆ

ನಿಮ್ಮ ಮಗ ಮಲ್ಲುವಿನ ಬೆನ್ನಿನಿಂದ ತೆಗೆದ ನೀರನ್ನು ಕೆಡಿಸಿದವನು ನಾನು, ಗಂಗಕ್ಕಾ. ಕೆಡಿಸಿ, ಮುಚ್ಚಿಟ್ಟು, ಸುಳ್ಳು ರಿಪೋರ್ಟ್ ಬರೆದವನೂ ನಾನೇ. ಆರು ವರ್ಷವಾಯಿತು.

ವಿಜಯಪುರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಮಿದುಳು ಜ್ವರದ ಅನುಮಾನವಿದ್ದರೆ ಬೆನ್ನಿನ ನೀರು ತೆಗೆದು ನಮ್ಮಲ್ಲಿಗೆ ಕಳಿಸುತ್ತಾರೆ. ಅದರೊಳಗಿನ ರೋಗಾಣುವಿಗೆ ತಂಪು ಆಗದು. ಫ್ರಿಜ್ಜಿನಲ್ಲಿಟ್ಟರೆ ಸತ್ತುಹೋಗುತ್ತದೆ, ಆಮೇಲೆ ಬೆಳೆಸಿ ನೋಡಲು ಬರುವುದಿಲ್ಲ. ನನಗೆ ಗೊತ್ತಿರಲಿಲ್ಲವೇ—ಹೊಸಬರಿಗೆ ಇದನ್ನು ಕಲಿಸುತ್ತಿದ್ದವನೇ ನಾನು! ಆ ಶನಿವಾರ ತೊರವಿಯಲ್ಲಿ ಗೆಳೆಯನ ಮನೆಯ ವಾಸ್ತುಶಾಂತಿ. ಊಟ ತಪ್ಪೀತೆಂಬ ಅವಸರದಲ್ಲಿ ಮಲ್ಲುವಿನ ಸೀಸೆಯನ್ನೂ ಉಳಿದವುಗಳ ಜೊತೆ ಫ್ರಿಜ್ಜಿಗೆ ತಳ್ಳಿ ಹೊರಟೆ. ಸೋಮವಾರ ಫ್ರಿಜ್ಜಿನ ಬಾಗಿಲು ತೆರೆದಾಗ ಆ ಸೀಸೆ ಕಣ್ಣಿಗೆ ಬಿತ್ತು. 'ಕೆಟ್ಟಿದೆ, ಇನ್ನೊಮ್ಮೆ ಕಳಿಸಿ' ಎಂದು ಬರೆಯಬೇಕಿತ್ತು. ಡಾಕ್ಟರು ಎಲ್ಲರೆದುರು ಮರ್ಯಾದೆ ತೆಗೆಯುತ್ತಾರೆಂದು—ಅಷ್ಟೇ, ಅಷ್ಟಕ್ಕೇ—'ರೋಗಾಣು ಬೆಳೆದಿಲ್ಲ' ಎಂದು ಬರೆದೆ.

ನೀವು ಲ್ಯಾಬಿನ ಕಿಟಕಿಯ ಬಳಿ ಬಂದು ಕೇಳಿದಿರಿ: "ಮನ್ಯಾಗಿನ ಹುಡುಗ್ರಿಗೆ ಏನೂ ಅಂಜಿಕಿ ಇಲ್ಲಲ್ರಿ ಯಪ್ಪಾ?"

"ಏನೂ ಇಲ್ರಿ ಅಕ್ಕಾ, ಆರಾಮ ಹೋಗ್ರಿ."

"ನಿಮ್ಮ ಬಾಯಾಗ ಸಕ್ರಿ ಬೀಳ್ಲಿ!"

ಆ ರೋಗವೆಂದು ಖಚಿತವಾಗಿದ್ದರೆ ಮನೆಮಂದಿಗೆಲ್ಲ ಮುಂಜಾಗ್ರತೆಯ ಮಾತ್ರೆ ಕೊಡುತ್ತಿದ್ದರು. ಕೊಡಲಿಲ್ಲ. ಮೊದಲೇ ಶುರುಮಾಡಿದ್ದ ಔಷಧಿಯಿಂದ ಮಲ್ಲು ಗುಣವಾದ. ಹತ್ತು ದಿನಕ್ಕೆ, ಅವನ ಮಗ್ಗುಲಲ್ಲೇ ಮಲಗುತ್ತಿದ್ದ ತಂಗಿ ಭಾರತಿಗೆ ಜ್ವರ ಬಂತು. ಊರಲ್ಲೇ ರೋಗಾಣು ಕೊಲ್ಲುವ ಇಂಜೆಕ್ಷನ್ ಮಾಡಿಸಿ ಕರೆತಂದಿದ್ದರಿಂದ ಅವಳ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಬದುಕಿದಳು—ಕಿವಿ ಮಾತ್ರ ಉಳಿಯಲಿಲ್ಲ.

ಹೋದ ತಿಂಗಳು ವೈದ್ಯರೊಬ್ಬರು ನಮ್ಮ ಹಳೆಯ ರಿಪೋರ್ಟುಗಳನ್ನು ನೋಡಲು ಬಂದರು. ಜಿಲ್ಲೆಯಲ್ಲಿ ಈ ರೋಗ ಯಾವ ಊರಲ್ಲಿ ಬಂದಿದೆ, ಎಲ್ಲಿಗೆ ಹರಡುತ್ತದೆ ಎಂದು ನಕಾಶೆ ಮಾಡುತ್ತಿದ್ದರು. ತಿಕೋಟಾದ ಮೇಲೆ ಕೆಂಪು ಚುಕ್ಕೆ ಇಟ್ಟು ಕೇಳಿದರು: "ಬಬಲೇಶ್ವರ ಕಡೆ ಒಂದೂ ಇಲ್ಲೇನ್ರಿ?"

"ಇಲ್ರಿ ಸರ್" ಎಂದೆ. ಎರಡನೆಯ ಸಲವೂ ಅದೇ ಸುಳ್ಳು! ನಿಮ್ಮ ಊರು ಆ ಕಾಗದದ ಮೇಲೆ ಖಾಲಿಯಾಗಿ ಉಳಿಯಿತು. ಮುಂದೆ ಅಲ್ಲಿ ಯಾವ ಮಗುವಿಗೆ ಜ್ವರ ಬಂದರೂ, ಈ ರೋಗ ಇಲ್ಲಿ ಇಲ್ಲವೆಂದು ಸುಮ್ಮನಾದರೆ—

ಮಲ್ಲುವಿನ ಸೀಸೆಯಲ್ಲಿ ಆ ರೋಗಾಣು ನಿಜಕ್ಕೂ ಇತ್ತೇ? ಈಗ ಯಾರೂ ಹೇಳಲಾರರು. ಹೇಳಲಾಗದಂತೆ ಮಾಡಿದವನು ನಾನು. ಆ ಅನುಮಾನದ ಹಿಂದೆಯೇ ಇಷ್ಟು ವರ್ಷ ಅವಿತು ಕುಳಿತಿದ್ದೆ—ನೆನೆದರೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ನಿನ್ನೆ ಆ ವೈದ್ಯರಿಗೆ ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಈ ಪತ್ರವನ್ನು ಮಾತ್ರ ಅಂಚೆಗೆ ಹಾಕುವುದಿಲ್ಲ. ಭಾನುವಾರ ಬಬಲೇಶ್ವರಕ್ಕೆ ಬಂದು ನಿಮ್ಮೆದುರೇ ಓದುತ್ತೇನೆ. ಭಾರತಿಯೂ ಇರಲಿ. ನಾನು ಮಾಡಿದ್ದನ್ನು ಅವಳಿಗೆ ನೀವೇ ಕೈಸನ್ನೆಯಲ್ಲಿ ಹೇಳಬೇಕಾಗುತ್ತದೆ, ಅಕ್ಕಾ.