ಅವ್ವ ಫ್ರಿಜ್ ಕರಗಿಸುತ್ತಿದ್ದ ಭಾನುವಾರ

ಇವತ್ತು ಹಳೆ ಸಾಮಾನು ಕೊಳ್ಳುವ ಕಬಾಡಿ ಭಯ್ಯಾನ ಗಾಡಿಯ ಮೇಲೆ ಒಂದು ಹಳೆಯ ಒಂಟಿಬಾಗಿಲಿನ ಫ್ರಿಜ್ ಕಂಡೆ. ಚಿಕ್ಕಂದಿನಲ್ಲಿ ಈ ಹಿಂದಿ ಊರಿನ ಕಿದ್ವಾಯಿ ನಗರದಲ್ಲಿ ನಾವಿದ್ದ ಸರ್ಕಾರಿ ಕ್ವಾರ್ಟರ್ಸ್ ಕಣ್ಣೆದುರು ಬಂತು.

ಫ್ರೀಜರಿನಲ್ಲಿ ಐಸ್ ಕಟ್ಟಿದಾಗ ಅವ್ವ ಪ್ಲಗ್ ಕಿತ್ತು, ಬಾಗಿಲು ತೆರೆದು, ಒಳಗೆ ಬಿಸಿನೀರಿನ ಪಾತ್ರೆ ಇಡುತ್ತಿದ್ದಳು. ನಾನು ಚಾಕು ತಂದರೆ ಕೈಗೆ ಏಟು.

"ಚುಚ್ಚಿದ್ರೆ ಗ್ಯಾಸ್ ಹೋಗುತ್ತೆ ಕಣೇ! ತಾನಾಗೇ ಕರಗ್ಲಿ."

ಅಲ್ಲಿಯವರೆಗೆ ಒಳಗಿನ ಸಾಮಾನು ಎಲ್ಲಿಡುವುದು? ಮೇಲಿನ ಮನೆಯವರು ಕನ್ನಡದವರೇ. ಒಂದು ಭಾನುವಾರ ಅವ್ವ ಅವರಲ್ಲಿಗೆ ಹಾಲು ಒಯ್ದಳು.

"ನಮ್ಮದೂ ತುಂಬಿದೆಯಮ್ಮಾ" ಎಂದರು.

ಅವರ ಫ್ರಿಜ್ ಅರ್ಧ ಖಾಲಿಯಿತ್ತು. ಅವರಿಗೆ ನಮ್ಮ ಜಾತಿ ಗೊತ್ತಿತ್ತು, ಅಷ್ಟೆ.

ಅವ್ವ ಕೆಳಗಿಳಿದು ಬಂದು, ಮಟನ್ ಸಾರಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹೆದರುತ್ತಲೇ ಎದುರುಮನೆಯ ಪಂಜಾಬಿ ಆಂಟಿಯ ಬಾಗಿಲು ತಟ್ಟಿದಳು. ಆಂಟಿ ಸೆರಗು ಸರಿಸಿ, ಡಬ್ಬಿ ತೆರೆದು ಮೂಸಿದರು.

"ಅರೇ, ಛುಪಾ ಕ್ಯೋಂ ರಹೀ ಹೋ? ಆಧಾ ಮೇರಾ!" ಎಂದು, ಬಚ್ಚಿಟ್ಟದ್ದಕ್ಕೇ ಗದರಿ, ಅರ್ಧ ಸಾರನ್ನು ತಮ್ಮ ಬಟ್ಟಲಿಗೆ ಬಗ್ಗಿಸಿಕೊಂಡೇಬಿಟ್ಟರು.

"ಅಚ್ಛಾ, ಅಚ್ಛಾ" ಎಂದಳು ಅವ್ವ. ಅವಳಿಗೆ ಬರುತ್ತಿದ್ದ ಹಿಂದಿಯೇ ಅಷ್ಟು.

ಅಲ್ಲಿಂದಾಚೆ ಪ್ರತಿ ಸಲ ಐಸ್ ಬೆರಳಷ್ಟು ದಪ್ಪವಾಗುವ ಮೊದಲೇ ಅವಳು ಪ್ಲಗ್ ಕೀಳತೊಡಗಿದಳು.

ಈಗ ಇದೇ ಊರಿನ ದ್ವಾರಕಾ ಬಡಾವಣೆಯ ನನ್ನ ಫ್ಲ್ಯಾಟಿನ ಫ್ರಿಜ್ಜಿನಲ್ಲಿ ಐಸ್ ಕಟ್ಟುವುದೇ ಇಲ್ಲ. ಯಾರ ಬಾಗಿಲಿಗೂ ಹೋಗಬೇಕಿಲ್ಲ. ಇದನ್ನು ಅನುಕೂಲ ಅನ್ನುತ್ತಾರೆ. ನನಗೆ ಆ ಆಂಟಿ ಬೇಕು.