ಕಂಪ್ಯೂಟರಿನ ಕಾಲುವೆಗೆ ನೀರು ಬಿಟ್ಟದ್ದು

ಕೇಳಿ ಸ್ನೇಹಿತರೇ, ಶಹಾಪುರದ ನಮ್ಮ ಶಾಲೆಯಲ್ಲಿ ಇಂದು ನನ್ನ ಗಣಿತದ ಪೀರಿಯಡ್ಡಿನಲ್ಲೇ ನೀರಿನ ಜಗಳವಾಯಿತು.

ಪಾಠ ಫ್ರ್ಯಾಕ್ಟಲ್‌ನದು. ಒಂದು ಗೆರೆ ಎರಡಾಗಿ ಕವಲೊಡೆಯುತ್ತದೆ, ಆ ಕವಲುಗಳೂ ಹಾಗೆಯೇ ಒಡೆಯುತ್ತ ಹೋಗುತ್ತವೆ. ಯಾವ ತುಂಡು ನೋಡಿದರೂ ಇಡೀ ಚಿತ್ರದಂತೆಯೇ ಇರಬೇಕು. ಕಂಪ್ಯೂಟರಿನಲ್ಲಿ ಅದು ಮೂಡಿದ್ದೇ ತಡ, "ನಮ್ಮ ಕೆನಾಲ್ ಇದ್ದಂಗ ಅದರಿ ಸರ್!" ಎಂದು ಹುಡುಗಿಯರು ಕೂಗಿದರು. ನನಗೋ ಖುಷಿ. ನೀಲಿ ಬಣ್ಣ ತುಂಬಿರೆಂದೆ.

ಕಾಲುವೆಯ ಮೇಲ್ಭಾಗದ ಊರಿನ ರೇಣುಕಾ ತುದಿಯವರೆಗೂ ನೀಲಿ ತುಂಬಿದಳು. ಕಾಲುವೆ ಮುಗಿಯುವ ಊರಿನ ಮಲ್ಲಮ್ಮ ಮೌಸ್ ಕಸಿದುಕೊಂಡು ತುದಿಯ ಕವಲುಗಳನ್ನೆಲ್ಲ ಬೂದಿ ಬಣ್ಣ ಮಾಡಿದಳು.

"ಯಾಕ ಕೆಡಸಾಕತ್ತಿ?" ಎಂದಳು ರೇಣುಕಾ.

"ಮ್ಯಾಲ ನೀವು ಪಂಪ್ ಹಚ್ಚಿ ಎಳ್ಕೊಂಡ್ರ ನಮ್ಮ ಹೊಲಕ್ಕ ಎಲ್ಲಿಂದ ಬರ್ತದ?"

ನಾನು ನಡುವೆ ಬಾಯಿ ಹಾಕಿ, "ನಿಯಮ ಎಲ್ಲ ಕವಲಿಗೂ ಒಂದೇ" ಎಂದೆ.

"ನಿಯಮ ಒಂದೇ ಅದರಿ ಸರ್, ನೀರಷ್ಟ ಬರಂಗಿಲ್ಲ" ಎಂದಳು ಮಲ್ಲಮ್ಮ.

ಅಷ್ಟರಲ್ಲಿ ಕರೆಂಟ್ ಹೋಗಿ ಪರದೆ ಪೂರ್ತಿ ಕಪ್ಪಾಯಿತು.

"ಈಗ ಸಮ ಆತು ನೋಡ್ರಿ!" ಎಂದು ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅಂತೂ ಪ್ರತಿ ತುಂಡೂ ಇಡೀ ಚಿತ್ರದಂತೆಯೇ ಇತ್ತು. ಪಾಠ ಮುಗಿಸಿದೆ.